ಆ್ಯಪ್ ಕಟ್ಟುವ ಮುನ್ನ



ಶಿವಮೊಗ್ಗ ಪೇಟೆಯಲ್ಲಿ ಸವಳಂಗ ರಸ್ತೆ ಯಾವುದೆಂದು ಕೇಳಿದರೆ ಮಕ್ಕಳೂ ತೋರಿಸುತ್ತಾರೆ. ಆ ರಸ್ತೆ ಹಿಡಿದು ಹೊರಟರೆ ನವುಲೆಯಲ್ಲಿ ಜವಾಹರಲಾಲ್ ನೆಹರು ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಸಿಗುತ್ತದೆ. 1980ರಲ್ಲಿ ಶುರುವಾದ ಕಾಲೇಜು ಅದು. ಅದೇ ನವುಲೆಯಲ್ಲಿ ಕೃಷಿ ಕಾಲೇಜೂ ಇದೆ. ಈಗ ಅದು ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಒಂದು ಅಂಗ. ಮುಂದೆ ಅದೇ ರಸ್ತೆ ಹೊಲ ತೋಟಗಳನ್ನು ಹಾದು ನಮ್ಮ ಸವಳಂಗ ಮುಟ್ಟುತ್ತದೆ. ಇಲ್ಲಿಂದ ಒಂದು ದಾರಿ ಶಿಕಾರಿಪುರಕ್ಕೆ, ಇನ್ನೊಂದು ದಾರಿ ನ್ಯಾಮತಿ, ಹೊನ್ನಾಳಿಯ ಕಡೆಗೆ. ಕಂಪ್ಯೂಟರ್ ಕಲಿಸುವವರು, ಬೆಳೆಯ ರೋಗ ಬಲ್ಲವರು, ಬೆಳೆ ತೆಗೆಯುವವರು, ಈ ಮೂವರೂ ಒಂದೇ ರಸ್ತೆಯ ಮೇಲಿದ್ದಾರೆ. ಮೊಬೈಲ್ ಆ್ಯಪ್ ಮಾಡಬೇಕೆಂದು ಹೊರಡುವ ನಮ್ಮ ಹುಡುಗ ಹುಡುಗಿಯರು ಮೊದಲು ಗಮನಿಸಬೇಕಾದ ಸಂಗತಿ ಇದೇ ಎಂದು ನನಗೆ ತೋರುತ್ತದೆ. ಬೇಕಾದ ಮೂರೂ ಹತ್ತಿರದಲ್ಲಿವೆ. ಬೆಂಗಳೂರಿಗೆ ಬಸ್ಸು ಹತ್ತುವ ಮೊದಲು ಈ ರಸ್ತೆಯಲ್ಲೇ ಒಮ್ಮೆ ಓಡಾಡಬೇಕು.

ಇವತ್ತು ಆ್ಯಪ್‌ನ ಯೋಚನೆ ಇಲ್ಲದ ಊರಿಲ್ಲ. ಕಾಲೇಜು ಓದುವವರು ರಜೆಗೆ ಬಂದಾಗ, ಸಂಜೆ ಕಟ್ಟೆಯ ಮೇಲೆ ಕೂತಾಗ, ‘ಇದಕ್ಕೊಂದು ಆ್ಯಪ್ ಮಾಡಿದರೆ ಹೇಗೆ?’ ಎಂಬ ಮಾತು ಬಂದೇ ಬರುತ್ತದೆ. ಆ ಯೋಚನೆಗಳಲ್ಲಿ ಒಳ್ಳೆಯವು ಬಹಳ ಇವೆ. ಆದರೆ ಜನ ದಿನವೂ ತೆಗೆದು ನೋಡುವ, ನೆಚ್ಚಿಕೊಳ್ಳುವ, ಕಾಸು ಕೊಟ್ಟು ಬಳಸುವ ಮಟ್ಟಕ್ಕೆ ಬೆಳೆಯುವುದು ತೀರ ಕೆಲವು ಮಾತ್ರ. ಹೀಗೇಕೆ? ನನ್ನ ತಿಳಿವಳಿಕೆಯಲ್ಲಿ ಕಾರಣ ಸರಳ. ಆ್ಯಪ್ ಬರೆಯುವ ಕೆಲಸವನ್ನು ನಾವು ಮೊದಲು ಇಟ್ಟುಕೊಳ್ಳುತ್ತೇವೆ. ಅದು ಬರಬೇಕಾದದ್ದು ಆಮೇಲೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸಗಳಿವೆ, ಅದಾದ ಮೇಲೆ ಮಾಡುತ್ತಲೇ ಇರಬೇಕಾದ ಕೆಲಸಗಳೂ ಇವೆ. ಅವನ್ನು ಒಂದೊಂದಾಗಿ ನೋಡೋಣ.

ನಮ್ಮ ನೆಲದ ಒಂದು ಘಟನೆಯಿಂದಲೇ ಶುರು ಮಾಡುತ್ತೇನೆ. 2018ರ ಮೇ ತಿಂಗಳು. ಶಿವಮೊಗ್ಗ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಅವರ ಸಂಗಡಿಗರು ಮೆಕ್ಕೆಜೋಳದ ಹೊಲದಲ್ಲಿ ಒಂದು ಹೊಸ ಹುಳು ಕಂಡರು. ಅಮೆರಿಕ ಖಂಡದ ಹುಳು ಅದು. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು ಅಲ್ಲಿನ ಮೆಕ್ಕೆಜೋಳವನ್ನು ಹಾಳುಗೆಡವಿತ್ತು. ಭಾರತದಲ್ಲಿ ಅದನ್ನು ಮೊಟ್ಟಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲಿ. ಫಾಲ್ ಸೈನಿಕ ಹುಳು ಎಂದು ಈಗ ಎಲ್ಲ ರೈತರಿಗೂ ಅದರ ಹೆಸರು ಗೊತ್ತು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಗಿಡದ ಸುಳಿಯಲ್ಲಿ ಮರದ ಹೊಟ್ಟಿನಂತೆ ಬಿದ್ದಿರುವ ಹಿಕ್ಕೆ, ಇವು ಅದರ ಗುರುತುಗಳು. ಗುರುತು ಬಲ್ಲವರು ಹುಳು ಮರಿಯಾಗಿರುವಾಗಲೇ ಹಿಡಿಯುತ್ತಾರೆ. ಬಲಿತ ಹುಳು ಸುಳಿಯ ಒಳಗೆ ಅಡಗಿತೆಂದರೆ ಔಷಧಿ ಹೊಡೆದರೂ ತಾಗುವುದಿಲ್ಲ.

ಇಲ್ಲೊಂದು ಆ್ಯಪ್‌ಗೆ ಜಾಗವಿತ್ತು. ಅದೇ 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಹುಳುವಿನ ಮೇಲೆ ಕಣ್ಣಿಡಲು ಒಂದು ಮೊಬೈಲ್ ಆ್ಯಪ್ ಹೊರತಂದಿತು. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಪ್ಲಾಂಟ್‌ವಿಲೇಜ್ ತಂಡ ‘ನುರು’ ಎಂಬ ಸಹಾಯಕವನ್ನು ಸಿದ್ಧ ಮಾಡಿತು. ಫೋನಿನ ಕ್ಯಾಮೆರಾವನ್ನು ಎಲೆಯ ಕಡೆ ಹಿಡಿದರೆ ಅದು ಹುಳು ತಿಂದ ಗುರುತನ್ನು ಪತ್ತೆ ಮಾಡುತ್ತದೆ, ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ಮಾಡುತ್ತದೆ. ಕೇಳಿದವರಿಗೆ ಇದು ಕಂಪ್ಯೂಟರಿನ ಪವಾಡದಂತೆ ತೋರಬಹುದು. ಅದರ ಹಿಂದಿನ ದುಡಿಮೆ ನೋಡಿ. ಜನ ಹೊಲ ಹೊಲ ಸುತ್ತಿ ಸಾವಿರಗಟ್ಟಲೆ ಎಲೆಗಳ ಚಿತ್ರ ತೆಗೆದರು. ಬಲ್ಲವರು ಕೂತು ಒಂದೊಂದು ಚಿತ್ರಕ್ಕೂ ‘ಇದು ಈ ರೋಗ, ಇದು ಈ ಹುಳು’ ಎಂದು ಗುರುತು ಬರೆದರು. ಯಂತ್ರ ಕಲಿತದ್ದು ಆ ಗುರುತುಗಳಿಂದ. ತಿಳಿವಳಿಕೆ ಮನುಷ್ಯರದು, ಅದನ್ನು ಹೊತ್ತು ತಿರುಗುವ ಕೆಲಸ ಫೋನಿನದು.

ಅಷ್ಟು ದೂರ ಹೋಗಬೇಕಿಲ್ಲ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಹತ್ತು ವರ್ಷಕ್ಕೂ ಹಿಂದೆಯೇ ‘ಇ-ಸ್ಯಾಪ್’ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಟೆನೆ ಎಂಬ ಕಂಪನಿ ತಂತ್ರಾಂಶ ಕಟ್ಟಿತು, ವಿಶ್ವವಿದ್ಯಾಲಯ ವಿಷಯ ಕೊಟ್ಟಿತು. ವಿಸ್ತರಣಾ ಕಾರ್ಯಕರ್ತರು ಕೈಯಲ್ಲಿ ಹಿಡಿಯುವ ಒಂದು ಸಾಧನ ತೆಗೆದುಕೊಂಡು ಹೊಲಕ್ಕೆ ಹೋಗುತ್ತಿದ್ದರು. ಅದು ಚಿತ್ರ ತೋರಿಸುತ್ತ ಒಂದೊಂದೇ ಪ್ರಶ್ನೆ ಕೇಳುತ್ತದೆ: ಎಲೆಯ ಮೇಲೆ ಹೀಗಿದೆಯೇ, ಹಾಗಿದೆಯೇ? ಉತ್ತರ ಒತ್ತುತ್ತ ಹೋದರೆ ಕೀಟವೋ, ರೋಗವೋ, ಪೋಷಕಾಂಶದ ಕೊರತೆಯೋ ಎಂಬ ನಿರ್ಣಯಕ್ಕೆ ಬರುತ್ತದೆ. ಹಾನಿ ಎಷ್ಟಾಗಿದೆ ಎಂದು ಅಳೆದ ಮೇಲೆಯೇ ಔಷಧಿಯ ಮಾತು. ಇಂಟರ್ನೆಟ್ ಇಲ್ಲದ ಕಡೆಯೂ ಕೆಲಸ ನಡೆಯುವಂತೆ ಅದನ್ನು ರೂಪಿಸಿದ್ದರು. ಇದನ್ನು ಕಟ್ಟಿದವರು ಹೊಲಕ್ಕೆ ಹೋಗುವವರ ಕಷ್ಟ ಕಂಡಿದ್ದರು. ಅಂಗಡಿಯವರು ಕೊಟ್ಟ ಔಷಧಿಯನ್ನು ಕಣ್ಣು ಮುಚ್ಚಿ ಹೊಡೆಯುವ ರೈತರನ್ನೂ ಕಂಡಿದ್ದರು.

ಇಲ್ಲಿಂದ ನಾವು ಕಲಿಯುವ ಮೊದಲ ಪಾಠ: ಆ್ಯಪ್ ಒಳಗೆ ಏನು ತುಂಬುತ್ತೀರಿ ಎಂಬುದು ಆ್ಯಪ್‌ಗಿಂತ ದೊಡ್ಡದು. ಕನ್ನಡದ ‘ಅಲರ್’ ನಿಘಂಟನ್ನು ಅಂತರ್ಜಾಲದಲ್ಲಿ ಕ್ಷಣದಲ್ಲಿ ನೋಡಬಹುದು. ಆದರೆ ಅದರೊಳಗಿನ ಒಂದೂವರೆ ಲಕ್ಷದಷ್ಟು ಪದಗಳನ್ನು ವಿ. ಕೃಷ್ಣ ಅವರು ಕೂಡಿಸಿದ್ದು ನಾಲ್ಕು ದಶಕಗಳ ಏಕಾಂಗಿ ದುಡಿಮೆಯಿಂದ. 2019ರಲ್ಲಿ ಅದು ಎಲ್ಲರಿಗೂ ತೆರೆದುಕೊಂಡಾಗ, ಹುಡುಕುವ ಪೆಟ್ಟಿಗೆಯನ್ನು ಕಟ್ಟಿದ ಕೆಲಸಕ್ಕಿಂತ ಎಷ್ಟೋ ಪಟ್ಟು ದೊಡ್ಡ ಕೆಲಸ ಆಗಲೇ ಮುಗಿದಿತ್ತು. ನಿಮ್ಮ ಯೋಚನೆಯ ಒಳಗೆ ತುಂಬುವ ಸರಕು ಯಾರ ಬಳಿ ಇದೆ, ಅವರು ಕೊಡುತ್ತಾರೆಯೇ, ಅದು ದಿನವೂ ಹೊಸದಾಗಬೇಕೇ, ಹೊಸದು ಮಾಡುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡು ಮುಂದೆ ಹೋಗಬೇಕು.

ಎರಡನೆಯದು, ಯಾರ ಕಷ್ಟ ಎಂಬ ಪ್ರಶ್ನೆ. ‘ರೈತರಿಗಾಗಿ ಒಂದು ಆ್ಯಪ್’ ಎಂದರೆ ಏನೂ ಹೇಳಿದಂತಾಗಲಿಲ್ಲ. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ಉದಾಹರಣೆ ನೋಡಿ. ಅವರ ಅಜ್ಜ ತೋಟದ ಪಂಪ್‌ಸೆಟ್ ಚಾಲೂ ಮಾಡಲು ಹೊತ್ತಲ್ಲದ ಹೊತ್ತಿನಲ್ಲಿ ದೂರ ನಡೆದು ಹೋಗುತ್ತಿದ್ದರು. ಕರೆಂಟ್ ಬಂದಾಗ ಹೋಗಬೇಕು, ಹೋದಾಗ ಕರೆಂಟ್ ಇರುವುದಿಲ್ಲ. ಆ ನಡಿಗೆಯನ್ನು ತಪ್ಪಿಸಬೇಕೆಂಬ ಒಂದೇ ಹಂಬಲದಿಂದ ಓಸ್ತ್ವಾಲ್ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಮೊದಲು ಬೇರೆ ಬಗೆಯ ನಿಸ್ತಂತು ಸಾಧನ, ಮೊಬೈಲ್ ಹಳ್ಳಿಗೆ ಬಂದ ಮೇಲೆ ಮೊಬೈಲಿನಿಂದ ನಡೆಯುವ ‘ನ್ಯಾನೋ ಗಣೇಶ್’. ದೂರದಿಂದ ಕರೆ ಮಾಡಿ ಮೋಟಾರ್ ಚಾಲೂ ಮಾಡಬಹುದು, ಬಂದ್ ಮಾಡಬಹುದು, ಕರೆಂಟ್ ಇದೆಯೇ ಎಂದು ತಿಳಿಯಬಹುದು. 2009ರಲ್ಲಿ ನೋಕಿಯಾ ಕಂಪನಿಯ ಜಾಗತಿಕ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ಮೊಬೈಲ್ ಸ್ಟಾರ್ಟರ್ ಇವತ್ತು ನಮ್ಮ ಅಡಿಕೆ ತೋಟಗಳಿಗೂ ಹೊಸದಲ್ಲ. ಒಬ್ಬ ಮನುಷ್ಯನ, ಒಂದು ಹೊತ್ತಿನ, ಒಂದು ಕಷ್ಟವನ್ನು ಗಟ್ಟಿಯಾಗಿ ಹಿಡಿದದ್ದೇ ಅದರ ಶಕ್ತಿ. ನಿಮ್ಮ ಯೋಚನೆಯನ್ನೂ ಹೀಗೆ ಒಂದು ವಾಕ್ಯದಲ್ಲಿ ಹೇಳಲು ಬರುತ್ತದೆಯೇ ನೋಡಿ: ಇಂಥವರಿಗೆ, ಇಂಥ ಹೊತ್ತಿನಲ್ಲಿ, ಇಂಥ ತೊಂದರೆ.

ಜೊತೆಗೆ, ಆ ತೊಂದರೆ ಈಗಾಗಲೇ ಬೇರೆ ದಾರಿಯಲ್ಲಿ ತೀರಿದೆಯೇ ಎಂದೂ ನೋಡಬೇಕು. ಅಡಿಕೆಯ ದಿನದ ಧಾರಣೆ ತಿಳಿಸುವ ಆ್ಯಪ್ ಮಾಡುತ್ತೇನೆ ಎನ್ನುವವರು ಬಹಳ. ಅಡಿಕೆ ಸಹಕಾರ ಸಂಘಗಳಾದ ಚನ್ನಗಿರಿಯ ತುಮ್ಕೋಸ್‌ನಲ್ಲಿ, ಶಿವಮೊಗ್ಗದ ಮ್ಯಾಮ್ಕೋಸ್‌ನಲ್ಲಿ ರಾಶಿ ಎಷ್ಟಾಯಿತು, ಬೆಟ್ಟೆ ಎಷ್ಟಾಯಿತು, ಗೊರಬಲು ಎಷ್ಟಕ್ಕೆ ಹೋಯಿತು ಎಂಬ ಸುದ್ದಿ ಸಂಜೆಯೊಳಗೆ ವಾಟ್ಸ್ಆ್ಯಪ್ ಗುಂಪುಗಳಿಗೆ ಬಂದುಬಿಟ್ಟಿರುತ್ತದೆ. ಅದನ್ನೇ ಇನ್ನೊಂದು ಆ್ಯಪ್‌ನಲ್ಲಿ ನೋಡಲು ಯಾರು ಹೋಗುತ್ತಾರೆ? ಹಾಗಾದರೆ ಅಡಿಕೆಯಲ್ಲಿ ತೀರದ ಕಷ್ಟ ಯಾವುದು? ಖೇಣಿಗೆ, ಎಂದರೆ ಫಸಲಿನ ಗುತ್ತಿಗೆಗೆ, ತೋಟ ಕೊಟ್ಟವರು ಮತ್ತು ಖೇಣಿ ಹಿಡಿದವರ ನಡುವೆ ಹಸಿ ಅಡಿಕೆಯ ತೂಕದ ಲೆಕ್ಕ, ಮುಂಗಡದ ಲೆಕ್ಕ ಸರಿಯಾಗಿ ಬರೆದಿಡುವುದೇ? ಕೊನೆ ಕೊಯ್ಯುವವರು ಬೇಕಾದ ದಿನ ಸಿಗದಿರುವುದೇ? ಇದನ್ನು ತೋಟದವರನ್ನೂ, ಖೇಣಿದಾರರನ್ನೂ, ಕೊನೆಗಾರರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಕೇಳಬೇಕು. ‘ಇಂಥ ಆ್ಯಪ್ ಬಂದರೆ ಬಳಸುತ್ತೀರಾ?’ ಎಂದು ಮಾತ್ರ ಕೇಳಬೇಡಿ. ನಮ್ಮ ಜನ ಸಂಕೋಚದವರು, ಹುಡುಗರ ಉತ್ಸಾಹ ಮುರಿಯಬಾರದೆಂದು ‘ಹೂಂ, ಒಳ್ಳೇದು ಮಾಡಪ್ಪ’ ಎಂದುಬಿಡುತ್ತಾರೆ. ‘ಹೋದ ಸಾರಿ ಈ ಕೆಲಸ ಹೇಗೆ ಮಾಡಿದಿರಿ, ಎಲ್ಲಿ ತೊಡಕಾಯಿತು, ಎಷ್ಟು ಖರ್ಚಾಯಿತು?’ ಎಂದು ಕೇಳಿ. ಆಗ ನಿಜ ಹೊರಬರುತ್ತದೆ.

ಮೂರನೆಯ ಹೆಜ್ಜೆ ಅತಿ ಮುಖ್ಯವಾದದ್ದು, ಎಲ್ಲರೂ ಬಿಟ್ಟುಬಿಡುವಂಥದ್ದು. ಆ್ಯಪ್ ಇಲ್ಲದೆಯೇ ಆ ಕೆಲಸವನ್ನು ಕೈಯಾರೆ ಮಾಡಿ ನೋಡುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸವಳಂಗ, ನ್ಯಾಮತಿಯ ಸುತ್ತ ಮೆಕ್ಕೆಜೋಳ ಕಟಾವಿಗೆ ಬಂದಾಗ ಎಲ್ಲರಿಗೂ ಒಂದೇ ಸಲ ಒಕ್ಕಣೆ ಯಂತ್ರ ಬೇಕು. ಒಬ್ಬರು ಯಂತ್ರಕ್ಕಾಗಿ ಕಾಯುತ್ತಿರುತ್ತಾರೆ, ಅದೇ ಹೊತ್ತಿಗೆ ಇನ್ನೊಂದು ಊರಿನಲ್ಲಿ ಯಂತ್ರ ಕೆಲಸವಿಲ್ಲದೆ ನಿಂತಿರಬಹುದು. ಇದಕ್ಕೊಂದು ಆ್ಯಪ್ ಮಾಡಿ ಇಬ್ಬರನ್ನೂ ಜೋಡಿಸಬೇಕೆಂದು ಒಬ್ಬ ಹುಡುಗಿಗೆ ಯೋಚನೆ ಬಂತು ಅನ್ನಿ. ಅವಳು ಮೊದಲು ಮಾಡಬೇಕಾದದ್ದೇನು? ಒಂದು ನೋಟ್‌ಬುಕ್, ಒಂದು ಫೋನ್ ನಂಬರ್. ನಾಲ್ಕೈದು ಊರುಗಳ ಯಂತ್ರದ ಮಾಲೀಕರನ್ನು ಮಾತನಾಡಿಸಿ, ‘ಈ ಹಂಗಾಮಿಗೆ ನಿಮಗೆ ಕೆಲಸ ನಾನು ಗೊತ್ತು ಮಾಡಿಕೊಡುತ್ತೇನೆ’ ಎನ್ನಬೇಕು. ರೈತರಿಗೆ ನಂಬರ್ ಕೊಡಬೇಕು. ಬಂದ ಪ್ರತಿ ಕರೆಯನ್ನೂ ಬರೆದುಕೊಳ್ಳಬೇಕು, ತಾನೇ ಫೋನ್ ಮಾಡಿ ಯಂತ್ರ ಕಳಿಸಬೇಕು, ಕೆಲಸ ಮುಗಿದ ಮೇಲೆ ಇಬ್ಬರಿಗೂ ಫೋನ್ ಮಾಡಿ ಕೇಳಬೇಕು.

ಹೀಗೆ ಒಂದು ಹಂಗಾಮು ನಡೆಸಿದರೆ ಮನೆಯಲ್ಲಿ ಕೂತು ಹೊಳೆಯದ ಪ್ರಶ್ನೆಗಳು ಎದುರಾಗುತ್ತವೆ. ಯಂತ್ರದವರು ಮೊದಲು ಕರೆದವರ ಹೊಲಕ್ಕೆ ಮೊದಲು ಹೋಗುತ್ತಾರೆಯೇ, ಇಲ್ಲ ಒಂದು ಊರಿಗೆ ಹೋದ ಮೇಲೆ ಅಲ್ಲಿನ ಕೆಲಸವೆಲ್ಲ ಮುಗಿಸಿಯೇ ಮುಂದಿನ ಊರಿಗೆ ಹೊರಡುತ್ತಾರೆಯೇ? ಡೀಸೆಲ್ ಉಳಿಯಬೇಕೆಂದರೆ ಎರಡನೆಯದೇ ಲಾಭ. ಹಾಗಿದ್ದರೆ ಆ್ಯಪ್‌ನಲ್ಲಿ ಸರದಿ ಕಟ್ಟಬೇಕಾದದ್ದು ಹೆಸರಿನಿಂದಲ್ಲ, ಊರಿನಿಂದ. ಬಾಡಿಗೆ ಗಂಟೆಯ ಲೆಕ್ಕವೋ, ಕ್ವಿಂಟಲ್ ಲೆಕ್ಕವೋ, ಚೀಲದ ಲೆಕ್ಕವೋ? ರಾತ್ರಿ ಮಳೆ ಬಂದು ತೆನೆ ನೆನೆದರೆ ಗೊತ್ತು ಮಾಡಿದ ದಿನದ ಗತಿಯೇನು? ಹಣ ಅಲ್ಲೇ ಕೊಡುತ್ತಾರೆಯೇ, ಕಾಳು ಮಾರಿದ ಮೇಲೆಯೇ? ಹೊಲಕ್ಕೆ ಟ್ರ್ಯಾಕ್ಟರ್ ಹೋಗುವ ದಾರಿ ಇದೆಯೇ? ಇವುಗಳಿಗೆ ಸಿಕ್ಕ ಉತ್ತರಗಳೇ ಮುಂದೆ ಆ್ಯಪ್‌ನ ಒಂದೊಂದು ಪುಟವಾಗುತ್ತವೆ. ನೋಟ್‌ಬುಕ್ಕಿನಲ್ಲಿ ನಡೆಯದ ವ್ಯವಹಾರ ಫೋನಿನ ಪರದೆಯ ಮೇಲೂ ನಡೆಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ನಡೆದು, ಕರೆಗಳನ್ನು ನಿಭಾಯಿಸಲಾಗದಷ್ಟು ಬೆಳೆಯಿತೆಂದರೆ ಆ್ಯಪ್‌ಗೆ ಹೊತ್ತು ಬಂದಿತೆಂದು ತಿಳಿಯಬೇಕು.

ದೊಡ್ಡದಾಗಿ ಬೆಳೆದವರೂ ಹೀಗೆಯೇ ಶುರು ಮಾಡಿದ್ದಾರೆ. 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಉಳಿದ ಫಣೀಂದ್ರ ಸಾಮ ಗೆಳೆಯರೊಡನೆ ಸೇರಿ ಮರುವರ್ಷ ಆರಂಭಿಸಿದ್ದು ಬಸ್ ಟಿಕೆಟ್ ಮಾರುವ ರೆಡ್‌ಬಸ್. ಇಂಜಿನಿಯರುಗಳಾದ ಅವರು ಮೊದಲು ಬಸ್ ಮಾಲೀಕರಿಗಾಗಿ ತಂತ್ರಾಂಶ ಬರೆದರು. ಮಾಲೀಕರು ಅದನ್ನು ಬೇಡವೆಂದರು. ಆಮೇಲೆ, ಬಸ್ಸಿನವರಿಂದ ಕೆಲವೇ ಕೆಲವು ಸೀಟುಗಳನ್ನು ಪಡೆದು, ತಾವೇ ಮಾರಿ ತೋರಿಸಿದರು. ಮಾಲೀಕರ ಕೈಗೆ ದುಡ್ಡು ಬಂದಾಗ ನಂಬಿಕೆಯೂ ಬಂತು. 2013ರಲ್ಲಿ ಆ ಕಂಪನಿಯನ್ನು ಇಬಿಬೊ ಸಮೂಹ ಕೊಂಡಿತು. ಯಾರೂ ಬೇಡವೆಂದ ತಂತ್ರಾಂಶಕ್ಕೂ ಎಲ್ಲರೂ ಬಳಸುವ ಸೇವೆಗೂ ನಡುವೆ ಇದ್ದದ್ದು ಆ ಕೆಲವು ಸೀಟುಗಳ ಮಾರಾಟ.

ಇನ್ನು ಆ್ಯಪ್ ಕಟ್ಟುವ ಮಾತು. ಮೊದಲ ಆವೃತ್ತಿಯಲ್ಲಿ ಒಂದೇ ಕೆಲಸವಿರಲಿ. ಒಕ್ಕಣೆ ಯಂತ್ರ ಗೊತ್ತು ಮಾಡುವ ಆ್ಯಪ್‌ಗೆ ಹವಾಮಾನ, ಧಾರಣೆ, ಸಾಲದ ವಿವರ ಯಾವುದೂ ಬೇಡ. ಪರದೆಗಳನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಬಳಸುವವರ ಕೈಗೆ ಕೊಟ್ಟು, ‘ಇಲ್ಲಿಂದ ಮುಂದೆ ಎಲ್ಲಿ ಒತ್ತುತ್ತೀರಿ?’ ಎಂದು ಕೇಳಿ. ಎಲ್ಲಿ ಅವರ ಬೆರಳು ತಡವರಿಸುತ್ತದೋ ಅಲ್ಲಿ ತಪ್ಪು ನಿಮ್ಮದು. ಕಾಗದದಲ್ಲಿ ತಿದ್ದಲು ಐದು ನಿಮಿಷ, ತಂತ್ರಾಂಶದಲ್ಲಿ ತಿದ್ದಲು ವಾರಗಳೇ ಬೇಕಾದೀತು.

ಭಾಷೆಯ ವಿಷಯದಲ್ಲಿ ರಾಜಿ ಬೇಡ. ಆ್ಯಂಡ್ರಾಯ್ಡ್ ಫೋನುಗಳಿಗೆ ಕನ್ನಡ ಅಕ್ಷರದ ಬೆಂಬಲ ಬಂದದ್ದು 2012ರ ಆವೃತ್ತಿಯಲ್ಲಿ. ಅಂದಿನಿಂದ ಕನ್ನಡದಲ್ಲಿ ಮಾಡಲಾಗದು ಎನ್ನಲು ಕಾರಣವೇ ಉಳಿದಿಲ್ಲ. ಆದರೆ ಕನ್ನಡ ಎಂದರೆ ಕಚೇರಿಯ ಕನ್ನಡವಲ್ಲ. ಹೊಲದಲ್ಲಿ ಒಕ್ಕಣೆ, ಚೀಲ, ಬಾಡಿಗೆ ಎನ್ನುವ ಮಾತಿಗೆ ಪರದೆಯ ಮೇಲೂ ಒಕ್ಕಣೆ, ಚೀಲ, ಬಾಡಿಗೆ ಎಂದೇ ಇರಬೇಕು. ನಮ್ಮ ಸುತ್ತ ತಾಂಡಾಗಳಿವೆ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಮ್ಮ ನ್ಯಾಮತಿ ತಾಲ್ಲೂಕಿನದೇ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅಕ್ಷರ ಓದಲು ಕಷ್ಟಪಡುವ ಹಿರಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಧ್ವನಿಯಲ್ಲಿ ಹೇಳುವ, ಚಿತ್ರದಲ್ಲಿ ತೋರಿಸುವ ದಾರಿಯನ್ನು ಮೊದಲಿನಿಂದಲೇ ಇಟ್ಟುಕೊಂಡರೆ ಅವರೂ ಒಳಗೆ ಬರುತ್ತಾರೆ.

ನೆಟ್‌ವರ್ಕಿನ ವಿಷಯದಲ್ಲಿ ಸರ್ಕಾರದ ಬೆಳೆ ಸಮೀಕ್ಷೆಯಿಂದ ಕಲಿಯಬಹುದು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಸರ್ವೆ ನಂಬರಿನ ಬೆಳೆಯನ್ನು ಫೋಟೊ ತೆಗೆದು ಸೇರಿಸುವ ಆ್ಯಪ್ ಬಂತು. ಮಾಲೀಕರ ವಿವರವನ್ನು ಮೊದಲೇ ಇಳಿಸಿಕೊಂಡು, ಹೊಲದಲ್ಲಿ ಚಿತ್ರ ತೆಗೆದು, ಆಮೇಲೆ ಅಪ್‌ಲೋಡ್ ಮಾಡುವ ಕ್ರಮ ಅದರದು. ಫೋನ್ ಇಲ್ಲದವರಿಗಾಗಿ, ಬಳಸಲು ಬಾರದವರಿಗಾಗಿ ಊರಿನ ಯುವಕರನ್ನೇ ‘ಖಾಸಗಿ ನಿವಾಸಿ’ಗಳೆಂದು ನೇಮಿಸಿಕೊಂಡು, ತಾಕಿಗೆ ಇಷ್ಟೆಂದು ಹಣ ಕೊಟ್ಟು ಕೆಲಸ ಮಾಡಿಸಿದರು. ಬೆಳೆ ವಿಮೆಗೆ, ಬೆಂಬಲ ಬೆಲೆಯ ಖರೀದಿಗೆ, ಬೆಳೆ ಹಾನಿಯ ಪರಿಹಾರಕ್ಕೆ ಈ ದಾಖಲೆಯೇ ಆಧಾರ. ರಾಜ್ಯ ಸರ್ಕಾರವೇ ಹೊರತಂದ ಆ್ಯಪ್‌ಗೂ ಊರಲ್ಲಿ ನಿಂತು ನೆರವಾಗುವ ಒಬ್ಬ ಮನುಷ್ಯ ಬೇಕಾಯಿತು. ನಿಮ್ಮದಕ್ಕೂ ಬೇಕಾಗುತ್ತದೆ.

ಹಣ ಎಲ್ಲಿಂದ ಎಂಬ ಪ್ರಶ್ನೆಯನ್ನು ಮುಂದೂಡಬಾರದು. ಬೆಂಗಳೂರಿನ ‘ನಮ್ಮ ಯಾತ್ರಿ’ಯನ್ನು ನೋಡಿ. ಆಟೊ ಕರೆಯುವ ಆ್ಯಪ್‌ಗಳು ಆಗಲೇ ಹಲವು ಇದ್ದವು. ಪ್ರತಿ ಸವಾರಿಯ ಹಣದಲ್ಲಿ ಕಂಪನಿ ಕಮಿಷನ್ ಹಿಡಿಯುತ್ತದೆ ಎಂಬುದು ಚಾಲಕರ ದೂರಾಗಿತ್ತು. 2022ರ ನವೆಂಬರಿನಲ್ಲಿ ಆಟೊ ಚಾಲಕರ ಸಂಘ ಮತ್ತು ಜಸ್‌ಪೇ ಕಂಪನಿ ಸೇರಿ ಕಮಿಷನ್ ಇಲ್ಲದ ಆ್ಯಪ್ ತಂದರು. ಮೊದಲು ಪೂರ್ತಿ ಉಚಿತ. ಮರುವರ್ಷ ದಿನಕ್ಕೆ 25 ರೂಪಾಯಿ, ಇಲ್ಲವೇ ಸವಾರಿಗೆ ಮೂರೂವರೆ ರೂಪಾಯಿ ಎಂದು ಚಾಲಕರಿಂದ ಶುಲ್ಕ ಪಡೆಯತೊಡಗಿದರು. ಪ್ರಯಾಣಿಕರು ಕೊಟ್ಟ ಬಾಡಿಗೆ ಚಾಲಕರ ಕೈಗೇ. ತಂತ್ರಜ್ಞಾನದಲ್ಲಿ ಅದು ಹಿಂದಿನವುಗಳಿಗಿಂತ ಬಹಳ ಬೇರೆಯಲ್ಲ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಏರ್ಪಾಡು ಬೇರೆ. ಕಟ್ಟುವ ಮೊದಲು ಚಾಲಕರ ಸಂಘ ಜೊತೆಗಿತ್ತು ಎಂಬುದೂ ಮುಖ್ಯ. ನಮ್ಮ ಕಡೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿವೆ, ಹಾಲು ಉತ್ಪಾದಕರ ಸಂಘಗಳಿವೆ, ಸ್ತ್ರೀಶಕ್ತಿ ಗುಂಪುಗಳಿವೆ, ರೈತ ಉತ್ಪಾದಕ ಕಂಪನಿಗಳಿವೆ. ಒಬ್ಬೊಬ್ಬ ರೈತರ ಹಿಂದೆ ಅಲೆಯುವ ಬದಲು ಇಂಥ ಒಂದು ಸಂಘವನ್ನು ಜೊತೆಗೆ ಕಟ್ಟಿಕೊಂಡು ಹೊರಡುವುದು ಜಾಣತನ.

ನಿಮಗೆ ತಂತ್ರಾಂಶ ಬರೆಯಲು ಬಾರದಿದ್ದರೆ ಬಲ್ಲವರಿಂದ ಬರೆಸುತ್ತೀರಿ. ಇಲ್ಲಿ ಎಚ್ಚರ ಬೇಕು. ಬರಿಯ ಯೋಚನೆಗೆ ನಮ್ಮ ಕಾನೂನಿನಲ್ಲಿ ರಕ್ಷಣೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಬರೆದ ತಂತ್ರಾಂಶವನ್ನು ಕಾಪಾಡುತ್ತದೆ. ಆದರೆ ಹೊರಗಿನವರಿಗೆ ಗುತ್ತಿಗೆ ಕೊಟ್ಟು ಬರೆಸಿದರೆ, ಲಿಖಿತವಾಗಿ ವರ್ಗಾಯಿಸದ ಹೊರತು ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ, ನೀವು ಪೂರ್ತಿ ಹಣ ಕೊಟ್ಟಿದ್ದರೂ ಸರಿ. ಆದ್ದರಿಂದ ಮುಂಗಡ ಕೊಡುವ ಮುಂಚೆಯೇ ಕರಾರು ಬರೆಸಿಕೊಳ್ಳಿ. ಮೂಲ ಸಂಕೇತದ ಹಕ್ಕು ನಿಮ್ಮದು ಎಂದು ಅದರಲ್ಲಿ ಇರಲಿ. ಪ್ಲೇ ಸ್ಟೋರ್ ಖಾತೆ, ಸರ್ವರ್ ಖಾತೆ, ಜಾಲತಾಣದ ಹೆಸರು ಇವೆಲ್ಲ ನಿಮ್ಮ ಹೆಸರಿನಲ್ಲೇ ಇರಲಿ. ಹಣವನ್ನು ಒಂದೇ ಸಲ ಕೊಡಬೇಡಿ, ಕೆಲಸದ ಹಂತ ನೋಡಿ ಕೊಡಿ.

ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಖಾತೆ ತೆರೆಯಲು ಒಂದೇ ಬಾರಿ 25 ಡಾಲರ್ ಕಟ್ಟಬೇಕು. ಆ್ಯಪಲ್‌ನಲ್ಲಿ ವರ್ಷವರ್ಷವೂ 99 ಡಾಲರ್. ನಮ್ಮ ಊರುಗಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆ್ಯಂಡ್ರಾಯ್ಡ್ ಫೋನ್, ಹಾಗಾಗಿ ಅಲ್ಲಿಂದ ಆರಂಭಿಸಿದರೆ ಸಾಕು. 2023ರ ನವೆಂಬರ್ ಮಧ್ಯದ ನಂತರ ವೈಯಕ್ತಿಕ ಖಾತೆ ತೆರೆದವರಿಗೆ ಗೂಗಲ್ ಇನ್ನೊಂದು ನಿಯಮ ಮಾಡಿದೆ. ಎಲ್ಲರಿಗೂ ಬಿಡುವ ಮೊದಲು ಕೆಲವರು ಎಡೆಬಿಡದೆ 14 ದಿನ ಆ್ಯಪ್ ಪರೀಕ್ಷಿಸಬೇಕು. ಮೊದಲು 20 ಜನ ಬೇಕೆಂದಿದ್ದರು, 2024ರ ಕೊನೆಗೆ ಅದನ್ನು 12ಕ್ಕೆ ಇಳಿಸಿದರು. ಹಾಸ್ಟೆಲ್ ಗೆಳೆಯರ ಹೆಸರು ತುಂಬಿಸಿ ಈ ನಿಯಮ ದಾಟಿಬಿಡುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಆ ಹನ್ನೆರಡು ಜನರಲ್ಲಿ ಯಂತ್ರದ ಮಾಲೀಕರಿರಲಿ, ಸಣ್ಣ ಹಿಡುವಳಿಯವರಿರಲಿ, ಮನೆಯ ಲೆಕ್ಕ ನೋಡುವ ಹೆಣ್ಣುಮಕ್ಕಳಿರಲಿ, ಅಗ್ಗದ ಹಳೆಯ ಫೋನಿನವರಿರಲಿ. ಆ ಹದಿನಾಲ್ಕು ದಿನ ನಿಮಗೆ ಕಲಿಸುವಷ್ಟನ್ನು ಬೇರೆ ಯಾವುದೂ ಕಲಿಸದು.

ಜನರ ಮಾಹಿತಿಯ ವಿಷಯ ಇನ್ನೂ ಗಂಭೀರವಾದದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಯಾವ ಮಾಹಿತಿ ಏತಕ್ಕೆ ಬೇಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆಯ ಮಾತನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು, ಅಂದರೆ ಕನ್ನಡದಲ್ಲೂ ಕೊಡಬೇಕು. 18 ವರ್ಷದೊಳಗಿನವರಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಮಾಹಿತಿ ಸೋರಿಹೋಗದಂತೆ ತಕ್ಕ ಎಚ್ಚರ ವಹಿಸದಿದ್ದರೆ 250 ಕೋಟಿ ರೂಪಾಯಿಯವರೆಗೂ ದಂಡ ಹಾಕಲು ಅವಕಾಶವಿದೆ. ಕಾನೂನಿಗಿಂತ ಮುಂಚೆ ನಮ್ಮ ಮನಸ್ಸಾಕ್ಷಿ ಇದನ್ನು ಹೇಳಬೇಕು. ಒಕ್ಕಣೆ ಯಂತ್ರ ಕರೆಯಲು ರೈತರ ಆಧಾರ್ ಸಂಖ್ಯೆ ಏಕೆ? ಫೋನಿನಲ್ಲಿರುವ ನೆಂಟರ ನಂಬರುಗಳೆಲ್ಲ ಏಕೆ? ಬೇಡದ್ದನ್ನು ಕೇಳದಿರುವುದೇ ಕಾಪಾಡುವ ಸುಲಭ ದಾರಿ. ಓಟಿಪಿ ಹೇಳಿ ಹಣ ಕಳೆದುಕೊಂಡವರ ಸುದ್ದಿ ಹಳ್ಳಿ ಹಳ್ಳಿಯಲ್ಲಿ ಕೇಳಿಬರುವ ಈ ಕಾಲದಲ್ಲಿ, ಹೊಸ ಆ್ಯಪ್ ಎಂದರೆ ಜನ ಅನುಮಾನದಿಂದ ನೋಡುವುದು ಸಹಜ. ಆ ಅನುಮಾನವನ್ನು ಗೌರವಿಸಿ ನಡೆದವರಿಗೆ ಮಾತ್ರ ನಂಬಿಕೆ ದಕ್ಕುತ್ತದೆ.

ಆ್ಯಪ್ ಬಿಡುಗಡೆಯಾದ ದಿನ ಕೆಲಸ ಮುಗಿಯಿತೆಂದು ಭಾವಿಸುವವರು ಅದನ್ನು ಮೆಕ್ಕೆಜೋಳದ ಬೆಳೆಯೆಂದು ತಿಳಿದಿರುತ್ತಾರೆ. ಅದು ಅಡಿಕೆ ತೋಟ, ಫಲಕ್ಕೆ ಬರಲು ವರ್ಷಗಳು ಹಿಡಿಯುತ್ತವೆ, ಬಂದ ಮೇಲೂ ಪ್ರತಿ ವರ್ಷ ನೀರು ಗೊಬ್ಬರ ಬೇಡುತ್ತದೆ. ಆ್ಯಂಡ್ರಾಯ್ಡ್ ವರ್ಷ ವರ್ಷ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಆ್ಯಪ್ ತಿದ್ದದಿದ್ದರೆ ಹೊಸ ಫೋನುಗಳಲ್ಲಿ ಅದು ಸಿಗದಂತಾಗುತ್ತದೆ. ಸರ್ವರ್ ಬಾಡಿಗೆ ತಿಂಗಳು ತಿಂಗಳು ಕಟ್ಟಬೇಕು. ಎಲ್ಲಕ್ಕಿಂತ ಮಿಗಿಲಾಗಿ, ‘ಯಂತ್ರ ಬರಲಿಲ್ಲ ಕಣಮ್ಮ’ ಎಂದು ಫೋನ್ ಬಂದಾಗ ಎತ್ತಿ ಉತ್ತರಿಸುವವರು ಬೇಕು. ಆ ಫೋನ್ ಎತ್ತುವವರಿದ್ದರೆ ಅದು ಉತ್ಪನ್ನ. ಇಲ್ಲದಿದ್ದರೆ ಅದು ಕಾಲೇಜಿನ ಪ್ರಾಜೆಕ್ಟ್ ಅಷ್ಟೇ.

ಒಂದು ಕಡೆ ನಡೆದದ್ದು ಎಲ್ಲ ಕಡೆ ನಡೆಯುತ್ತದೆ ಎಂದೂ ಅಂದುಕೊಳ್ಳಬಾರದು. ಒಂದೇ ಜಿಲ್ಲೆಯೊಳಗೆ ಚನ್ನಗಿರಿಯಲ್ಲಿ ಅಡಿಕೆಯ ಲೋಕ, ಹೊನ್ನಾಳಿಯ ತುಂಗಭದ್ರೆಯ ದಂಡೆಯಲ್ಲಿ ಭತ್ತ, ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಒಣ ಬೇಸಾಯ. ಸವಳಂಗದಲ್ಲಿ ಗೆದ್ದ ಆ್ಯಪ್ ಜಗಳೂರಿಗೆ ಹೋಗುವಾಗ ಅಲ್ಲಿನ ಜನರನ್ನು ಮತ್ತೆ ಮೊದಲಿನಿಂದ ಕೇಳಬೇಕು. ಆದ್ದರಿಂದ ಒಂದು ಹೋಬಳಿ, ಒಂದು ಬೆಳೆ, ಒಂದು ಕೆಲಸ ಎಂದು ಶುರು ಮಾಡಿ. ಅಷ್ಟನ್ನು ಚೆನ್ನಾಗಿ ಮಾಡಿದವರ ಮಾತಿಗೆ ಬ್ಯಾಂಕಿನಲ್ಲೂ ಸರ್ಕಾರದಲ್ಲೂ ಬೆಲೆ ಇರುತ್ತದೆ. ನಮ್ಮ ರಾಜ್ಯ 2015ರಲ್ಲೇ ನವೋದ್ಯಮ ನೀತಿ ತಂದಿದೆ. ‘ಎಲಿವೇಟ್’ ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿಯವರೆಗೆ ಅನುದಾನ ಸಿಗುವ ದಾರಿಯೂ ಇದೆ. ಆ ಬಾಗಿಲು ತಟ್ಟಲು ಹೋಗುವಾಗ ಬಣ್ಣದ ಚಿತ್ರಗಳಿಗಿಂತ, ಒಂದು ಹಂಗಾಮಿನ ನೋಟ್‌ಬುಕ್ಕು ಹೆಚ್ಚು ಮಾತನಾಡುತ್ತದೆ.

ಹಿರಿಯರಲ್ಲಿ ನನ್ನದೊಂದು ಮನವಿ. ಮನೆಯ ಮಕ್ಕಳು ಇಂಥ ಯೋಚನೆ ಹೇಳಿದಾಗ ಹುಡುಗಾಟ ಎಂದು ತಳ್ಳಬೇಡಿ, ಹಾಗೆಂದು ಸುಮ್ಮನೆ ಹೊಗಳಲೂ ಬೇಡಿ. ನಿಮ್ಮ ಕೆಲಸದ ಕಷ್ಟವನ್ನು ಬಿಡಿಸಿ ಹೇಳಿ, ನಿಮ್ಮ ಲೆಕ್ಕದ ಪುಸ್ತಕ ತೋರಿಸಿ. ಸಹಕಾರ ಸಂಘಗಳ ನಿರ್ದೇಶಕರು ಒಂದು ಹಂಗಾಮಿನ ಮಟ್ಟಿಗೆ ಅವರಿಗೆ ಪ್ರಯೋಗ ಮಾಡಲು ಅವಕಾಶ ಕೊಡಿ. ಇಂಜಿನಿಯರಿಂಗ್ ಓದುವ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟ್ ಆರಿಸುವ ಮುಂಚೆ ಕೃಷಿ ಕಾಲೇಜಿನ ಗೇಟು ಹೊಕ್ಕು ಅಲ್ಲಿನ ಗುರುಗಳನ್ನು ಕಾಣಿ, ಆಮೇಲೆ ನಮ್ಮ ಊರುಗಳಿಗೆ ಬನ್ನಿ.

ಯುವಕ ಯುವತಿಯರಿಗೆ ಕೊನೆಯದಾಗಿ ಹೇಳುವುದಿಷ್ಟೆ. ನಿಮ್ಮ ಯೋಚನೆಯನ್ನು ಯಾರಾದರೂ ಕದ್ದಾರೆಂದು ಅಡಗಿಸಿಟ್ಟುಕೊಳ್ಳಬೇಡಿ. ಕಷ್ಟದಲ್ಲಿರುವ ಹತ್ತು ಜನರ ಮುಂದೆ ಅದನ್ನು ಇಡಿ, ಮುಂದಿನ ಹಂಗಾಮಿಗೆ ಆ ಹತ್ತು ಜನರ ಕೆಲಸವನ್ನು ಕೈಯಾರೆ ಮಾಡಿಕೊಡಿ. ಹಂಗಾಮು ಮುಗಿದ ಮೇಲೂ ಅವರು ನಿಮ್ಮನ್ನೇ ಕರೆದರೆ, ಆಗ ಆ್ಯಪ್ ಕಟ್ಟಲು ಕೂತುಕೊಳ್ಳಿ.